‘ಹಿಡಿ’ ಎಂಬ ಮಾತು

ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ‘ಹಿಡಿ’ ಎಂಬ ಧಾತುವನ್ನು ಎಷ್ಟು ಸಲ ಆಡುವೆವೆಂದು ವಾಚಕರು ಒಂದು ದಿನ ಎಣಿಸಿ ನೋಡಬೇಕು. ಮಗುವಿನ ಕೈ ಹಿಡಿಯುವೆವು. ಒಲೆಯ ಮೇಲಣ ಅನ್ನವು ತಳ ಹಿಡಿಯುವುದು. ಸಂಜೆಗೆ ಮಳೆ ಹಿಡಿಯುವುದು. ಮೂಲೆಯಲ್ಲಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುವುದು. ಕ್ರಿಯಾಪದವು ಒಂದೇ, ಅರ್ಥಗಳು ನಾಲ್ಕು.

ಇದರ ಹಳೆಯ ರೂಪವು ‘ಪಿಡಿ’. ಸುಮಾರು 10ನೆಯ ಶತಮಾನದಿಂದೀಚೆಗೆ ಪದಾದಿಯ ಪಕಾರವು ಕ್ರಮವಾಗಿ ಹಕಾರವಾಗಿ, ‘ಪಾಲು’ ಹಾಲಾದಂತೆ ಪಿಡಿಯು ಹಿಡಿಯಾಯಿತು. ತಮಿಳು, ಮಲೆಯಾಳಗಳಲ್ಲಿ ಇಂದಿಗೂ ‘ಪಿಡಿ’ ಎಂದೇ ಉಂಟು. ನಾಮಪದವಾಗಿ ನಿಂತಾಗ ಮುಷ್ಟಿಯೂ ಹಿಡಿ, ಮುಷ್ಟಿಯಲ್ಲಿ ಅಡಗುವಷ್ಟು ಅಕ್ಕಿಯೂ ಹಿಡಿ, ಕತ್ತಿಯನ್ನು ಎತ್ತುವ ತುದಿಯೂ ಹಿಡಿ.

ಈ ಮಾತಿನ ನಿಜವಾದ ಸೊಗಸು ಯಾರು ಯಾರನ್ನು ಹಿಡಿಯುವರು ಎಂಬುದರಲ್ಲಿದೆ. ‘ಹುಡುಗನು ಹಟ ಹಿಡಿದನು’ ಎಂಬಲ್ಲಿ ಹುಡುಗನೇ ಕರ್ತೃ. ‘ಹುಡುಗನಿಗೆ ನೆಗಡಿ ಹಿಡಿಯಿತು’ ಎಂಬಲ್ಲಿ ನೆಗಡಿಯೇ ಕರ್ತೃ. ಹುಡುಗನು ಚತುರ್ಥೀ ವಿಭಕ್ತಿಗೆ ಸರಿದು ಸುಮ್ಮನೆ ನಿಂತಿರುವನು. ಹಟವನ್ನು ಹಿಡಿದವನು ತಾನೇ ಆದುದರಿಂದ ತಾನೇ ಬಿಡಲೂ ಬಲ್ಲನು. ನೆಗಡಿಯಾದರೋ ಅವನನ್ನು ತಾನಾಗಿ ಬಿಡಬೇಕು. ಆದಕಾರಣವೇ ತಾಯಿಯು ಮೊದಲನೆಯವನನ್ನು ಗದರಿಸುವಳು, ಎರಡನೆಯವನನ್ನು ತಟ್ಟಿ ಮಲಗಿಸುವಳು. ತಪ್ಪು ಯಾರದೆಂಬ ವಿವೇಚನೆಯನ್ನು ವಿಭಕ್ತಿ ಪ್ರತ್ಯಯವೇ ಮಾಡಿಕೊಟ್ಟಿದೆ. ಅಪವಾದವೂ ಉಂಟು: ಹಾಸಿಗೆ ಹಿಡಿದವನು ಬಯಸಿ ಹಿಡಿದವನಲ್ಲ.

ಬೇರೆ ಧಾತುಗಳೊಡನೆ ಸೇರಿದರೆ ಇದರ ಶಕ್ತಿ ಇನ್ನೂ ಹೆಚ್ಚು. ನ್ಯಾಯಾಲಯವು ತೀರ್ಪನ್ನು ಎತ್ತಿಹಿಡಿದರೆ ಅದು ಊರ್ಜಿತವಾಗುವುದು. ಸಂಬಳವನ್ನು ತಡೆಹಿಡಿದರೆ ಮನೆಯ ಒಲೆ ತಣ್ಣಗಾಗುವುದು. ಇದ್ದೂ ಕಾಣದುದನ್ನು ಕಂಡುಹಿಡಿದರೆ ವಿಜ್ಞಾನವಾಗುವುದು. ಕೊಡಕ್ಕೆ ಹತ್ತು ಸೇರು ನೀರು ಹಿಡಿಸುವುದು. ಒಳ್ಳೆಯ ಹಾಡು ಮನಸ್ಸಿಗೆ ಹಿಡಿಸುವುದು. ಮನಸ್ಸೂ ಒಂದು ಪಾತ್ರೆಯೆಂದು ನಮ್ಮ ಹಿರಿಯರು ಬಗೆದಿದ್ದರೋ ಏನೋ!

ಈಚೆಗೆ ಶಾಲೆಯ ಮಕ್ಕಳು ‘ಊರಿಗೆ ಹೋಗಲು ಎರಡು ಗಂಟೆ ತೆಗೆದುಕೊಳ್ಳುತ್ತದೆ’ ಎನ್ನುವುದು ಕಿವಿಗೆ ಬೀಳುತ್ತಿದೆ. ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದ ಕನ್ನಡವಿದು. ಅಜ್ಜಿಯು ‘ಎರಡು ಗಂಟೆ ಹಿಡಿಯುತ್ತದೆ’ ಎನ್ನುವಳು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಮೊದಲ್ಗೊಂಡು ದೊಡ್ಡ ಕೋಶಗಳು ನಮಗುಂಟು. ಆದರೆ ಕೋಶದಲ್ಲಿ ಉಳಿದ ಮಾತ್ರಕ್ಕೆ ಮಾತು ಬದುಕಿತೆನ್ನಲಾಗದು. ಅದು ಮಕ್ಕಳ ನಾಲಗೆಯಲ್ಲಿ ಆಡಬೇಕು. ತಪ್ಪಿದ ಮಗುವನ್ನು ಗದರಿಸಬೇಕಾಗಿಲ್ಲ. ಊಟಕ್ಕೆ ಕುಳಿತಾಗ ಹಿರಿಯರು ಸರಿಯಾದ ಮಾತನ್ನು ಆಡುತ್ತಿದ್ದರೆ ಸಾಕು. ಕೇಳುತ್ತ ಕೇಳುತ್ತ ಅದು ಅವರಿಗೂ ಹಿಡಿಸುವುದು.