ನಾಲಗೆಯ ಬಾಲ್ಯ

ಈಗ ಧರ್ಮಪುರಿಯೆಂದು ಹೆಸರಾಗಿರುವ ತಗಡೂರನ್ನು ಆಳಿದ ಅದಿಯಮಾನ್ ನೆಡುಮಾನ್ ಅಂಜಿಯು, ತನಗೆ ದೊರೆತ ಅಪೂರ್ವವಾದ ನೆಲ್ಲಿಯ ಹಣ್ಣನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರಳಿಗೆ ಒಪ್ಪಿಸಿದನೆಂಬ ವೃತ್ತಾಂತವನ್ನು ಸಂಘಕಾಲದ ತಮಿಳು ಕಾವ್ಯವು ಕಾಪಾಡಿಕೊಂಡು ಬಂದಿದೆ. ಆ ಸೀಮೆಗೆ ಸೇರಿದ ಕಂಬೈನಲ್ಲೂರಿನ ಸುತ್ತಣ ಮನೆಗಳಲ್ಲಿ, ಕನ್ನಡ ಮನೆಮಾತಾಗಿರುವ ಕುಟುಂಬಗಳಲ್ಲಿಯೂ ಸಹ, ಹಿರಿಯರು ನೆಲ್ಲಿಕಾಯಿಯನ್ನು ಕಚ್ಚಿ, ಮೇಲೊಂದು ಗುಟುಕು ನೀರು ಕುಡಿದು, ಆಗ ಬಾಯಿಗೆ ಬರುವ ಸಿಹಿಯನ್ನು ಸವಿಯಬಲ್ಲರು. ಹಸುಗೂಸಾದರೋ ಅಂಥ ಹುಳಿಯೊಂದು ತುಟಿಗೆ ತಾಗಿದ ಮಾತ್ರಕ್ಕೇ ಮುಖ ಕಿವುಚಿಕೊಳ್ಳುತ್ತದೆ. ಹಾಲು ಕುಡಿಯುವ ನಾಲಗೆಯು ಅನ್ನವನ್ನುಣ್ಣುವ ನಾಲಗೆಯಾಗಬೇಕಾದರೆ ನಡೆಯತಕ್ಕ ವ್ಯಾಪಾರಗಳು ಹಲವಾರು. ಅವುಗಳಲ್ಲಿ ಕೆಲವು ಗರ್ಭದಲ್ಲಿಯೂ ಕೆಲವು ಜನನಾನಂತರವೂ ನಡೆಯುತ್ತವೆ.

ರುಚಿಯನ್ನರಿಯುವ ಅಂಗವೆಂದರೆ ನಾಲಗೆಯ ಮೇಲಣ ಉಬ್ಬುಗಳಲ್ಲಿಯೂ ಅಂಗುಳಿನಲ್ಲಿಯೂ ಗಂಟಲಿನಲ್ಲಿಯೂ ಹುದುಗಿರುವ ರುಚಿಮೊಗ್ಗು. 1867ರಲ್ಲಿ ಲೊವೆನ್ ಮತ್ತು ಶ್ವಾಲ್ಬೆ ಎಂಬ ವಿದ್ವಾಂಸರು ಪ್ರತ್ಯೇಕವಾಗಿ ವರ್ಣಿಸಿದ ಈ ಸೂಕ್ಷ್ಮಾಂಗದಲ್ಲಿ 50ರಿಂದ 100 ಜೀವಕೋಶಗಳು ಬೆಳ್ಳುಳ್ಳಿಯ ಎಸಳುಗಳಂತೆ ಒತ್ತೊತ್ತಾಗಿ ನಿಂತಿರುತ್ತವೆ. ಅದರ ತುದಿಯಲ್ಲಿ ಒಂದು ರಂಧ್ರವುಂಟು. ಜೊಲ್ಲಿನಲ್ಲಿ ಕರಗಿದ ಆಹಾರದ ಅಂಶವು ಆ ರಂಧ್ರದ ಮೂಲಕ ಒಳಸೇರಿ ಜೀವಕೋಶಗಳನ್ನು ಮುಟ್ಟಿದಾಗ, ಬುಡದಲ್ಲಿರುವ ನರವು ಆ ವಾರ್ತೆಯನ್ನು ಮಿದುಳಿಗೆ ಒಯ್ಯುತ್ತದೆ. ರಂಧ್ರವು ತೆರೆಯದಿರುವ ಮೊಗ್ಗು ಇದ್ದೂ ಇಲ್ಲದಂತೆ.

ಸಸ್ತನಿಗಳೆಲ್ಲವೂ ಈ ಅಂಗವನ್ನು ಒಂದೇ ಹದದಲ್ಲಿ ಪಡೆದು ಹುಟ್ಟುವುದಿಲ್ಲ. ಸುಮಾರು ಐದು ತಿಂಗಳು ಗರ್ಭದಲ್ಲಿದ್ದು, ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಿಲ್ಲುವ ಕುರಿಮರಿಗೆ ರುಚಿಮೊಗ್ಗುಗಳು ಗರ್ಭದಲ್ಲಿಯೇ ಕೆಲಸಕ್ಕೆ ತೊಡಗಿರುತ್ತವೆ. ಮೂರೇ ವಾರ ಗರ್ಭದಲ್ಲಿದ್ದು ಕಣ್ಣು ತೆರೆಯದೆ ಹುಟ್ಟುವ ಇಲಿಮರಿಯ ಸ್ಥಿತಿ ಬೇರೆ. ಅದರ ನಾಲಗೆಯ ಮುಂಭಾಗದ ಮೊಗ್ಗುಗಳಲ್ಲಿ ಹೆಚ್ಚಿನವು ರಂಧ್ರವಿಲ್ಲದ ಅಪಕ್ವಸ್ಥಿತಿಯಲ್ಲಿರುತ್ತವೆ. ಹಿಂಭಾಗದ ದೊಡ್ಡ ಉಬ್ಬಿನಲ್ಲಿಯಂತೂ ಮುಂದೆ ನೂರಾರಾಗತಕ್ಕ ಮೊಗ್ಗುಗಳು ಬಹುಮಟ್ಟಿಗೆ ಹುಟ್ಟಿದ ಮೇಲೆಯೇ, ವಾರಗಟ್ಟಲೆ ಕಾಲದಲ್ಲಿ, ಮೈದೋರುತ್ತವೆ.

ಇದಕ್ಕೆ ಪ್ರೇರಕವಾದುದು ನರ. ಬೆಳೆದ ಇಲಿಯ ನಾಲಗೆಯ ನರವನ್ನು ಕತ್ತರಿಸಿದರೆ ಮೊಗ್ಗುಗಳು ಬಾಡಿ ಮರೆಯಾಗುತ್ತವೆ, ನರವು ಮರಳಿ ಬೆಳೆದಾಗ ಅವೂ ಮರಳುತ್ತವೆ. ಆದರೆ ಜನನದ ಮೊದಲ ಹತ್ತು ದಿನಗಳಲ್ಲಿ ಆ ಸಂಬಂಧವು ಕಡಿದುಹೋದರೆ, ನರವು ಆಮೇಲೆ ಬಂದು ಸೇರಿದರೂ ಮೊಗ್ಗುಗಳ ಸಂಖ್ಯೆಯು ಪೂರ್ತಿಯಾಗದೆಂದು ಪ್ರಯೋಗಗಳು ತೋರಿಸಿವೆ. ಶೈಶವದಲ್ಲಿ ಕಳೆದುದನ್ನು ಯೌವನವು ಇಡಿಯಾಗಿ ತುಂಬಿಕೊಡಲಾರದು.

ಉಪ್ಪಿನ ವಿಷಯವು ಇನ್ನೂ ಕುತೂಹಲಕರವಾದುದು. ಇಲಿಮರಿಯ ನರವು ಮೊದಮೊದಲು ಉಪ್ಪಿಗೆ ಮಂದವಾಗಿ ಓಗೊಟ್ಟು, ಮುಂದಿನ ವಾರಗಳಲ್ಲಿ ಕ್ರಮೇಣ ಚುರುಕಾಗುತ್ತದೆ. ಬಸಿರಿನ ಕಾಲದಿಂದಲೇ ತಾಯಿಯ ಆಹಾರದಲ್ಲಿ ಉಪ್ಪನ್ನು ತೀರ ಕಡಿಮೆ ಮಾಡಿ, ಮರಿಗೂ ಅದನ್ನೇ ಮುಂದುವರಿಸಿದರೆ ಈ ಚುರುಕು ಹುಟ್ಟುವುದೇ ಇಲ್ಲ. ಆಮೇಲೆ ಉಪ್ಪು ಕೊಟ್ಟಾಗ ಎರಡು ವಾರಗಳಲ್ಲಿ ನಾಲಗೆಯು ಚೇತರಿಸಿಕೊಳ್ಳುತ್ತದೆ. ಏಕೆಂದರೆ ರುಚಿಯ ಜೀವಕೋಶಗಳು ಸುಮಾರು ಹತ್ತು ದಿನಗಳಲ್ಲಿ ಸವೆದು ಹೊಸವಾಗುತ್ತಿರುತ್ತವೆ. ಮಿದುಳಿನಲ್ಲಿ ಆ ನರವು ಹರಡಿಕೊಂಡ ಬಗೆ ಮಾತ್ರ ಸಹಜಸ್ಥಿತಿಗೆ ಮರಳುವುದಿಲ್ಲ.

ಮನುಷ್ಯಶಿಶುವು ಈ ವಿಷಯದಲ್ಲಿ ಕುರಿಮರಿಗೆ ಸಮೀಪವಾದುದು. ಗರ್ಭದ ಏಳೆಂಟನೆಯ ವಾರದಲ್ಲಿ ತಲೆದೋರುವ ಮೊಗ್ಗುಗಳು ನಾಲ್ಕನೆಯ ತಿಂಗಳ ಹೊತ್ತಿಗೆ ರೂಪದಲ್ಲಿ ಪಕ್ವವಾಗುತ್ತವೆ. ಆದುದರಿಂದ ಆಗತಾನೆ ಹುಟ್ಟಿದ ಕೂಸು ಸಿಹಿಗೆ ತುಟಿ ಚಪ್ಪರಿಸುತ್ತದೆ, ಕಹಿಗೆ ಬಾಯಿ ತೆರೆದು ಹೊರದೂಡುತ್ತದೆ. ತಾಯಹಾಲು ಸಿಹಿ, ವಿಷಸಸ್ಯಗಳಲ್ಲಿ ಅನೇಕವು ಕಹಿ. ಪ್ರಕೃತಿಯು ಕಲಿಸಿ ಕಳುಹಿಸಿದ ಈ ಪಾಠವು ಪ್ರಾಣರಕ್ಷಣೆಗಾಗಿಯೇ ಇರಬೇಕು. ಉಪ್ಪಿನ ಕಡೆಗಿನ ಒಲವಾದರೋ ಸುಮಾರು ನಾಲ್ಕು ತಿಂಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ.

ನಾಲಗೆಯೊಡನೆ ಮೂಗೂ ಕಲಿಯುತ್ತದೆಂಬುದನ್ನು ಮರೆಯಲಾಗದು. ತಾಯಿ ಉಂಡ ಆಹಾರದ ಪರಿಮಳವು ಗರ್ಭಜಲದಲ್ಲಿಯೂ ಹಾಲಿನಲ್ಲಿಯೂ ಇಳಿದು ಬರುತ್ತದೆ. ಅಮೆರಿಕದ ಫಿಲಡೆಲ್ಫಿಯದಲ್ಲಿ ಜೂಲಿ ಮೆನೆಲ್ಲಾ ಮತ್ತು ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಸಿರಿನಲ್ಲಾಗಲಿ ಬಾಣಂತನದಲ್ಲಾಗಲಿ ಗಜ್ಜರಿಯ ರಸವನ್ನು ಕುಡಿದ ತಾಯಂದಿರ ಕೂಸುಗಳು, ಮುಂದೆ ಗಜ್ಜರಿ ಬೆರೆಸಿದ ಗಂಜಿಯನ್ನು ಉಣ್ಣುವಾಗ ಮುಖ ಸಿಂಡರಿಸಿದ್ದು ಕಡಿಮೆ. ರಾಗಿ, ಹುಣಿಸೆ, ಸೊಪ್ಪುಗಳನ್ನುಂಡು ಹಾಲೂಡುವ ತಾಯಿಯೂ ಅರಿಯದೆಯೇ ತನ್ನ ಸೀಮೆಯ ಅಡುಗೆಯನ್ನು ಕೂಸಿಗೆ ಪರಿಚಯಿಸುತ್ತಿರುವಳೆಂದು ಇದರಿಂದ ಊಹಿಸಬಹುದು. ತಾಯಿ ಮೇಯುವ ಗಿಡವನ್ನೇ ಕುರಿಮರಿಯೂ ಆಡಿನ ಮರಿಯೂ ನಂಬಿ ಮೇಯಲು ಕಲಿಯುವುದುಂಟು.

ಹೀಗಿರುವಾಗ ಹಿರಿಯರ ಹೊಣೆಯು ಸ್ಪಷ್ಟವಾದುದು. ಆರು ತಿಂಗಳವರೆಗೆ ತಾಯಹಾಲೇ ಸಾಕು. ವರ್ಷ ತುಂಬುವ ತನಕ ಊಟಕ್ಕೆ ಉಪ್ಪು ಸಕ್ಕರೆಗಳನ್ನು ಬೆರೆಸಬೇಕಾಗಿಲ್ಲ, ಜೇನನ್ನು ನೆಕ್ಕಿಸಲೂ ಕೂಡದು. ಆರು ತಿಂಗಳಾದ ಮೇಲೆ ಸೊಪ್ಪು ತರಕಾರಿಗಳನ್ನು ಮೆದುವಾಗಿ ಬೇಯಿಸಿ ಉಣಿಸುವಾಗ, ಕೂಸು ಒಮ್ಮೆ ಉಗುಳಿತೆಂದು ಅದಕ್ಕೆ ಸೇರದೆಂದು ತೀರ್ಮಾನಿಸಿ ಸಕ್ಕರೆಯ ಡಬ್ಬಿಗೆ ಕೈಹಾಕಬೇಡಿ. ಬಲವಂತವಿಲ್ಲದೆ ಎಂಟು ಹತ್ತು ಸಲ, ಬೇರೆ ಬೇರೆ ದಿನಗಳಲ್ಲಿ, ಅದನ್ನೇ ಮತ್ತೆ ಕೊಟ್ಟು ನೋಡಿರಿ.