ಉಪ್ಪಿನ ಕೊಳದ ಕಿತ್ತಳೆ ಬೆಳೆ

ಪಶ್ಚಿಮ ಆಸ್ಟ್ರೇಲಿಯಾದ ಪೋರ್ಟ್ ಗ್ರೆಗರಿ ಎಂಬ ಪುಟ್ಟ ಊರಿನ ಪಕ್ಕದಲ್ಲಿ ಹಟ್ ಲಗೂನ್ ಎಂಬ ಉಪ್ಪುನೀರಿನ ಸರೋವರವಿದೆ. ಹಿಂದೂ ಮಹಾಸಾಗರಕ್ಕೂ ಅದಕ್ಕೂ ನಡುವೆ ಮರಳ ದಿಬ್ಬಗಳಷ್ಟೇ ಅಡ್ಡ. ಅವುಗಳ ಅಡಿಯಿಂದ ಜಿನುಗಿ ಬಂದ ಕಡಲ ನೀರು ಬಿಸಿಲಿಗೆ ಆವಿಯಾಗುತ್ತ, ಉಳಿದದ್ದು ವಿಪರೀತ ಉಪ್ಪಾಗುತ್ತದೆ. ಫೋಟೊ ತೆಗೆಯಲು ಬರುವ ಪ್ರವಾಸಿಗರಿಗೆ ಅದು ‘ಗುಲಾಬಿ ಸರೋವರ’. ಆದರೆ ಅದರ ಒಂದು ಭಾಗದಲ್ಲಿ ಸುಮಾರು 250 ಹೆಕ್ಟೇರ್ ವಿಸ್ತಾರದ ಕೃತಕ ಕೊಳಗಳಿವೆ. ಅಲ್ಲಿ ನಡೆಯುವುದು ಬೇಸಾಯ. ಬೆಳೆ, ಬರಿಗಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಪಾಚಿ. ಫಸಲು, ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್.

ಈ ಪಾಚಿಯ ಹೆಸರು ಡುನಾಲಿಯೆಲ್ಲಾ ಸಲೈನಾ. 1838ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಶೆಲ್ ಫೆಲಿಕ್ಸ್ ಡುನಾಲ್ ಮೆಡಿಟರೇನಿಯನ್ ತೀರದ ಉಪ್ಪಿನ ಆಗರಗಳ ನೀರು ಕೆಂಪಾಗಿರುವುದನ್ನು ಕಂಡು, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ವರ್ಣಿಸಿದ. 1905ರಲ್ಲಿ ರೊಮೇನಿಯಾದ ವಿಜ್ಞಾನಿ ಟಿಯೊಡೊರೆಸ್ಕೊ ಆತನ ನೆನಪಿಗೆ ಈ ಕುಲಕ್ಕೆ ಡುನಾಲಿಯೆಲ್ಲಾ ಎಂದು ಹೆಸರಿಟ್ಟ. ಬಹುಕಾಲ ಇದು ಸಸ್ಯವಿಜ್ಞಾನಿಗಳ ಕುತೂಹಲದ ವಸ್ತುವಾಗಿಯೇ ಉಳಿಯಿತು. ಇದನ್ನು ಬೆಳೆಸಿ ಕ್ಯಾರೊಟಿನ್ ತೆಗೆಯಬಹುದೆಂಬ ಯೋಚನೆ 1960ರ ದಶಕದಲ್ಲಿ ಸೋವಿಯತ್ ಉಕ್ರೇನಿನಲ್ಲಿ ಚಿಗುರಿತು. 1980ರ ದಶಕದ ಹೊತ್ತಿಗೆ ಇಸ್ರೇಲ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಅದು ಉದ್ಯಮವಾಯಿತು.

ಬದುಕುವ ಬಗೆ

ಡುನಾಲಿಯೆಲ್ಲಾ ಒಂದೇ ಜೀವಕೋಶದ ಹಸಿರು ಪಾಚಿ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಗಾತ್ರ, ಈಜಲು ಚಾಟಿಯಂಥ ಎರಡು ಎಳೆ. ಸಸ್ಯಕೋಶಗಳಿಗೆ ಸಾಮಾನ್ಯವಾಗಿ ಇರುವ ಗಟ್ಟಿ ಹೊರಭಿತ್ತಿ ಇದಕ್ಕಿಲ್ಲ. ಹಾಗಿದ್ದೂ ಕಡಲಿಗಿಂತ ಎಂಟು ಹತ್ತು ಪಟ್ಟು ಉಪ್ಪಾದ ನೀರಿನಲ್ಲಿ ಒಣಗದೆ ಬದುಕುತ್ತದೆ. ಹೊರಗೆ ಉಪ್ಪು ಏರಿದಂತೆಲ್ಲ ಒಳಗೆ ಗ್ಲಿಸರಾಲ್ ತಯಾರಿಸಿ, ನೀರು ಸೋರಿಹೋಗದಂತೆ ಸಮತೋಲ ಕಾಯ್ದುಕೊಳ್ಳುವುದು ಇದರ ಉಪಾಯ. ಮಳೆ ಬಂದು ಉಪ್ಪು ಇಳಿದರೆ ಗ್ಲಿಸರಾಲನ್ನೂ ಇಳಿಸಿಕೊಳ್ಳುತ್ತದೆ.

ಉಪ್ಪಿನ ಜೊತೆಗೆ ಸುಡುಬಿಸಿಲೂ ಇರುತ್ತದಲ್ಲ, ಅದಕ್ಕೆ ಬೇರೆ ವ್ಯವಸ್ಥೆ. ಬೆಳಕು ಅತಿಯಾಗಿ, ಸಾರಜನಕದಂಥ ಪೋಷಕಾಂಶ ಸಾಲದೆ ಹೋದಾಗ ಕೋಶ ವಿಭಜನೆ ನಿಧಾನವಾಗುತ್ತದೆ. ಆದರೆ ಹೀರಿದ ಬೆಳಕು ಎಲ್ಲಿಗಾದರೂ ಹೋಗಲೇಬೇಕು. ಆಗ ಪಾಚಿ ಹರಿತ್ತಿನ ಸುತ್ತ ಎಣ್ಣೆಯ ಸಣ್ಣ ಹನಿಗಳಲ್ಲಿ ಬೀಟಾ ಕ್ಯಾರೊಟಿನ್ ತುಂಬಿಕೊಂಡು, ಕೊಡೆ ಹಿಡಿದಂತೆ ನೀಲಿ ಬೆಳಕನ್ನು ತಡೆಯುತ್ತದೆ. ಹಸಿರು ಕೋಶ ಕಿತ್ತಳೆಗೆ ತಿರುಗುತ್ತದೆ. ಕಷ್ಟ ಹೆಚ್ಚಿದಾಗ ಒಣ ತೂಕದ ನೂರಕ್ಕೆ ಹತ್ತು ಭಾಗಕ್ಕೂ ಮಿಗಿಲಾಗಿ ಕ್ಯಾರೊಟಿನ್ ಸೇರುವುದುಂಟು. ನೂರು ಗ್ರಾಂ ಹಸಿ ಕ್ಯಾರೆಟ್ಟಿನಲ್ಲಿ ಸಿಗುವುದು ಎಂಟು ಮಿಲಿಗ್ರಾಂ ಆಸುಪಾಸು. ಕ್ಯಾರೆಟ್ಟಿನ ಬಹುಪಾಲು ನೀರೇ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ದೊಡ್ಡದು.

ಉಣಿಸಿ, ಉಪವಾಸ ಕೆಡವಿ

ಯಾವ ರೈತನೂ ಬೆಳೆಗೆ ಗೊಬ್ಬರ ನೀರು ಕೊಟ್ಟು ಸಾಕುತ್ತಾನೆ. ಇಲ್ಲಿ ಅದಷ್ಟೇ ಮಾಡಿದರೆ ಕೊಳ ಹಸಿರಾಗಿಯೇ ಉಳಿಯುತ್ತದೆ, ಬೇಕಾದ ಬಣ್ಣ ಸಿಗುವುದಿಲ್ಲ. ಮೊದಲಿಂದಲೇ ಬಾಧಿಸಿದರೆ ಪಾಚಿ ಹೆಚ್ಚುವುದೇ ಇಲ್ಲ. ಆದ್ದರಿಂದ ಹಲವೆಡೆ ಎರಡು ಹಂತದ ಬೇಸಾಯ: ಮೊದಲು ಉಪ್ಪು ಕಡಿಮೆ, ಪೋಷಕಾಂಶ ಹೇರಳ, ಪಾಚಿ ಹುಲುಸಾದ ಮೇಲೆ ಉಪ್ಪು ಹೆಚ್ಚು, ಸಾರಜನಕ ಬಂದ್. ಯಾವಾಗ ಉಣಿಸಬೇಕು, ಯಾವಾಗ ಉಪವಾಸ ಕೆಡವಬೇಕು ಎಂಬುದರಲ್ಲೇ ಕಸುಬಿನ ಜಾಣತನ ಇದೆ.

ಉಪ್ಪು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಯಲಿನಲ್ಲಿ ತೆರೆದಿಟ್ಟ ಕೊಳಕ್ಕೆ ಬೇರೆ ಪಾಚಿಗಳು, ಪಾಚಿ ತಿನ್ನುವ ಸೂಕ್ಷ್ಮಪ್ರಾಣಿಗಳು ಬಂದು ಸೇರಿಕೊಳ್ಳುವುದು ಸಹಜ. ಗಾಳಿಯಲ್ಲಿ ಹಾರಿ ಬರುವ ಈ ಕಳೆಯನ್ನು ಕೀಳುವುದು ಹೇಗೆ? ಗಾಢ ಉಪ್ಪುನೀರಿನಲ್ಲಿ ಅವುಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ತೆರೆದ ಕೊಳದಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಸಲಾಗುವ ಪಾಚಿಗಳು ಬೆರಳೆಣಿಕೆಯಷ್ಟೇ. ಸ್ಪಿರುಲಿನಾವನ್ನು ಕ್ಷಾರದ ನೀರು ಕಾಯುವ ಹಾಗೆ, ಡುನಾಲಿಯೆಲ್ಲಾವನ್ನು ಉಪ್ಪು ಕಾಯುತ್ತದೆ.

ಎರಡು ದೇಶಗಳು ಎರಡು ದಾರಿ ಹಿಡಿದವು. ಇಸ್ರೇಲಿನಲ್ಲಿ ವೈಜ್‌ಮನ್ ಸಂಸ್ಥೆಯ ಮೊರ್ದಖಾಯ್ ಅವ್ರಾನ್ ಮತ್ತು ಆಮಿ ಬೆನ್ ಅಮೊತ್ಸ್ ನಡೆಸಿದ ಅಧ್ಯಯನಗಳು ಉದ್ಯಮಕ್ಕೆ ಬುನಾದಿಯಾದವು. ಕೆಂಪು ಸಮುದ್ರದ ತೀರದ ಐಲಾತ್‌ನಲ್ಲಿರುವ ಕೊಳಗಳು ಆಳವಿಲ್ಲದ ಕಾಲುವೆಗಳಂತಿವೆ. ನೀರಿನ ಎತ್ತರ ಗೇಣುದ್ದ. ತಿರುಗುವ ಹಲಗೆಗಳು ನೀರನ್ನು ಸದಾ ಹರಿಸುತ್ತವೆ, ಇಂಗಾಲದ ಡೈಆಕ್ಸೈಡನ್ನೂ ಉಣಿಸುತ್ತಾರೆ. ಆಸ್ಟ್ರೇಲಿಯಾದವರು ಜಾಗಕ್ಕೆ ಕೊರತೆಯಿಲ್ಲದ್ದರಿಂದ ವಿಶಾಲ ಕೊಳಗಳನ್ನು ಕಟ್ಟಿ, ಕದಡುವ ಕೆಲಸವನ್ನು ಗಾಳಿಗೆ ಬಿಟ್ಟರು. ಅಲ್ಲಿ ಇಳುವರಿ ತೆಳು, ಖರ್ಚೂ ಕಡಿಮೆ.

ಇಬ್ಬರನ್ನೂ ಕಾಡುವುದು ಕೊಯ್ಲು. ಒಂದು ಲೀಟರ್ ನೀರಿನಲ್ಲಿ ಪಾಚಿ ಒಂದು ಗ್ರಾಂ ಕೂಡ ಇರುವುದಿಲ್ಲ. ಅದರ ಸಾಂದ್ರತೆ ಸುತ್ತಲಿನ ನೀರಿಗೆ ಹತ್ತಿರವಾದ್ದರಿಂದ ಬೇಗ ತಳಕ್ಕಿಳಿಯುವುದಿಲ್ಲ, ಗಟ್ಟಿ ಭಿತ್ತಿ ಇಲ್ಲದ್ದರಿಂದ ಒರಟಾಗಿ ಹಿಡಿದರೆ ಒಡೆಯುತ್ತದೆ. ಇಸ್ರೇಲಿನಲ್ಲಿ ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳಿಂದ ಬೇರ್ಪಡಿಸಿ ಒಣಗಿಸಿ ಪುಡಿ ಮಾಡುತ್ತಾರೆ.

ಯಾರಿಗೆ, ಎಷ್ಟು

ಬೀಟಾ ಕ್ಯಾರೊಟಿನನ್ನು ನಮ್ಮ ದೇಹ ‘ಎ’ ಜೀವಸತ್ವವಾಗಿ ಬದಲಿಸಿಕೊಳ್ಳುತ್ತದೆ. ಇರುಳುಗಣ್ಣಿಗೂ ಈ ಜೀವಸತ್ವದ ಕೊರತೆಗೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ. ಆದರೂ ಕೊಳದ ಫಸಲಿನ ಬಹುಪಾಲು ಹೋಗುವುದು ಆಹಾರದ ಬಣ್ಣಕ್ಕೆ, ಪೂರಕ ಮಾತ್ರೆಗಳಿಗೆ, ಸೌಂದರ್ಯವರ್ಧಕಗಳಿಗೆ. ಮಾರುಕಟ್ಟೆಯಲ್ಲಿ ಇದಕ್ಕೆ ಎದುರಾಳಿ ಕಾರ್ಖಾನೆಯ ಕ್ಯಾರೊಟಿನ್. 1950ರ ದಶಕದಿಂದ ರಾಸಾಯನಿಕವಾಗಿ ತಯಾರಾಗುತ್ತಿರುವ ಅದರ ಬೆಲೆ ಅಗ್ಗ. ‘ನೈಸರ್ಗಿಕ’ ಎಂಬ ಹಣೆಪಟ್ಟಿಗೆ ಹೆಚ್ಚು ದುಡ್ಡು ಕೊಡುವ ಗಿರಾಕಿಯನ್ನು ನಂಬಿಯೇ ಪಾಚಿಯ ಉದ್ಯಮ ನಿಂತಿದೆ.

ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಫಿನ್‌ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. 1994ರಲ್ಲಿ ಪ್ರಕಟವಾದ ಈ ಫಲಿತಾಂಶ ಕಾರ್ಖಾನೆಯ ಕ್ಯಾರೊಟಿನಿಗೆ ಸಂಬಂಧಿಸಿದ್ದು. ಹಾಗೆಂದು ಪಾಚಿಯ ಮಾತ್ರೆಯನ್ನು ಬೀಡಿ ಸಿಗರೇಟು ಸೇದುವವರು ನಿಶ್ಚಿಂತೆಯಿಂದ ನುಂಗಬಹುದೆಂದು ಅರ್ಥವಲ್ಲ. ನುಗ್ಗೆಸೊಪ್ಪು, ಪಪ್ಪಾಯಿ, ಸಿಹಿಗುಂಬಳ ಊಟದಲ್ಲಿರುವ ಮನೆಗೆ ಈ ಮಾತ್ರೆಯ ಹಂಗೂ ಇಲ್ಲ.

ನಮ್ಮಲ್ಲೂ ಇದರ ಅಧ್ಯಯನ ನಡೆದಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಡುನಾಲಿಯೆಲ್ಲಾದ ಕ್ಯಾರೊಟಿನ್ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಇಲಿಗಳ ಮೇಲೆ ಪರೀಕ್ಷಿಸಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಆದರೆ ಕೊಳ ಕಟ್ಟಲು ಕರ್ನಾಟಕದ ಕರಾವಳಿ ಒಗ್ಗುವುದು ಕಷ್ಟ. ಐಲಾತ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 30 ಮಿಲಿಮೀಟರ್. ನಮ್ಮ ಉತ್ತರ ಕನ್ನಡದ ಕಡಲಂಚಿನಲ್ಲಿ ಅಷ್ಟನ್ನು ಮುಂಗಾರು ಒಂದೇ ದಿನದಲ್ಲಿ ಸುರಿದುಬಿಡುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲೂ ಮಳೆಗಾಲದಲ್ಲಿ ಉಪ್ಪು ತೆಗೆಯುವುದಿಲ್ಲ. ಉಪ್ಪು ಇಳಿದ ಕೊಳಕ್ಕೆ ಕಾವಲುಗಾರನೂ ಇಲ್ಲ, ಬಣ್ಣ ತರಿಸುವ ಬಾಧೆಯೂ ಇಲ್ಲ.

ಕಛ್ ಮತ್ತು ತೂತ್ತುಕುಡಿಯ ಒಣ ತೀರಗಳ ಕಥೆ ಬೇರೆ. ಅಲ್ಲಿ ಬಿಸಿಲಿದೆ, ಉಪ್ಪಿನ ಆಗರಗಳಿವೆ, ಬೇರೆ ಬೆಳೆ ಬಾರದ ನೆಲವಿದೆ. ಗದ್ದೆಯ ಮಣ್ಣನ್ನೂ ಕುಡಿಯುವ ನೀರನ್ನೂ ಹೆಚ್ಚು ಬೇಡದ ಬೆಳೆಗೆ ಇಂಥ ಜಾಗವೇ ಸರಿ. ಅಲ್ಲಿ ಗೆಲ್ಲಬೇಕಾದದ್ದು ಎರಡನ್ನು: ಕೊಯ್ಲಿನ ಖರ್ಚನ್ನು, ಕಾರ್ಖಾನೆಯ ಬೆಲೆಯನ್ನು.