ಮೊದಲ ಮಳೆಗೆ ಮರುಳಾಗದ ಹಿತ್ತಲು

ಕಲಬುರಗಿಯ ಬಿಸಿಲು ಎಲ್ಲರಿಗೂ ಗೊತ್ತು. ಹಿತ್ತಲು ಮಾಡುವವರು ಅದಕ್ಕೆ ಹೆದರುವುದಿಲ್ಲ, ಅದು ಬರುವುದು ಖಾತ್ರಿ. ಅವರನ್ನು ಕಾಡುವುದು ಆ ಬಿಸಿಲಿನ ನಡುವೆ ಹೇಳದೆ ಕೇಳದೆ ಬೀಳುವ ಮಳೆ. ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ತೇರು ಸಾಗುವ ದಿನಗಳಿಂದ ಯುಗಾದಿ ದಾಟುವವರೆಗೆ ಆಕಾಶದ ಮನಸ್ಸು ಒಂದೇ ತೆರನಾಗಿರುವುದಿಲ್ಲ. ಮಧ್ಯಾಹ್ನ ಕಾದ ಕಾವಲಿಯಂಥ ಮಾಳಿಗೆ, ಸಂಜೆ ಧೂಳುಗಾಳಿ, ರಾತ್ರಿ ಗುಡುಗು, ಕೆಲವು ವರ್ಷ ಆಣೆಕಲ್ಲು. 2014ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಹೊಲಗಳನ್ನು ಮಲಗಿಸಿದ ಆಣೆಕಲ್ಲು ಮಳೆಯನ್ನು ಈ ಭಾಗದ ರೈತರು ಮರೆತಿಲ್ಲ. ಇಂಥ ಕಾಲದಲ್ಲೂ ನಾಲ್ಕು ಕುಂಡ, ಎರಡು ಮಡಿ, ಒಂದು ಬಾಳೆಯನ್ನು ಹಸಿರಾಗಿ ಉಳಿಸಿಕೊಳ್ಳುವ ಹೆಣ್ಣುಮಕ್ಕಳ ಕೆಲಸ ನನಗೆ ದೊಡ್ಡ ವಿದ್ಯೆಯಾಗಿ ಕಾಣುತ್ತದೆ.

ಆ ವಿದ್ಯೆಯ ಮೊದಲ ಪಾಠ, ಮಳೆ ಬಿತ್ತೆಂದು ಬೀಜ ಹಾಕದಿರುವುದು. ಇಲ್ಲಿನದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಮಾರ್ಚ್‌ನ ಒಂದು ಜೋರು ಮಳೆಯ ನೀರು ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಮೇಲಿನ ಎರಡು ಬೆರಳು ಮಣ್ಣಷ್ಟೇ ಹದವಾದಂತೆ ತೋರುತ್ತದೆ. ಆ ಹದ ನಂಬಿ ಮೆಂತ್ಯೆ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ, ಅಷ್ಟರಲ್ಲಿ ಮೇಲ್ಮಣ್ಣು ಹೆಪ್ಪುಗಟ್ಟಿರುತ್ತದೆ, ಎಳೆಬೇರಿಗೆ ಕೆಳಗೆ ತೇವ ಸಿಗುವುದಿಲ್ಲ. ಬಲ್ಲವರು ಮಳೆಯ ಮರುದಿನ ಖುರ್ಪಿ ಹಿಡಿದು ಮಡಿಯ ಮೇಲ್ಪದರವನ್ನು ಹಗುರಾಗಿ ಕೆದಕುತ್ತಾರೆ. ಒಡೆದ ಪುಡಿಮಣ್ಣು ಕೆಳಗಿನ ತೇವ ಮೇಲೇರಿ ಆರಿಹೋಗದಂತೆ ತಡೆಯುತ್ತದೆ. ಆಮೇಲೆ ಬೆರಳನ್ನು ಬುಡದವರೆಗೆ ಇಳಿಸಿ ನೋಡುತ್ತಾರೆ. ತುದಿಗೂ ತಂಪು ತಾಗಿದರೆ ಬಿತ್ತನೆ, ಇಲ್ಲದಿದ್ದರೆ ಇನ್ನೊಂದು ವಾರ ಕಾಯುವುದು.

ಬಿತ್ತುವಾಗಲೂ ಕೈ ಬಿಗಿ ಇರುತ್ತದೆ. ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸೊಪ್ಪಿನ ಸಿವುಡು ಕೊಳ್ಳುತ್ತಲೇ ಬೀಜದ ಮಾತೂ ನಡೆಯುತ್ತದೆ. ಅಲ್ಲಿ ಕಿವಿಗೆ ಬಿದ್ದ ಒಂದು ಬುದ್ಧಿಮಾತು ಇಡೀ ಕಸುಬನ್ನು ಹಿಡಿದಿಟ್ಟಿದೆ: “ಒಮ್ಮಿಗೆ ಎಲ್ಲಾ ಚೆಲ್ಲಬ್ಯಾಡ್ರಿ ಅಕ್ಕಾರ, ಅರ್ಧ ಕಟ್ಟಿ ಇಟ್ಕೋರಿ.” ಎಂಟು ಹತ್ತು ದಿನಕ್ಕೊಮ್ಮೆ ಒಂದೊಂದು ಹಿಡಿ ಚೆಲ್ಲಿದರೆ ಒಂದು ಮಡಿಯನ್ನು ಆಣೆಕಲ್ಲು ಬಡಿದರೂ ಮುಂದಿನದು ಉಳಿದಿರುತ್ತದೆ. ಕೊತ್ತಂಬರಿ ಸೆಕೆಗೆ ಬೇಗ ಹೂವಿಗೆ ನಿಲ್ಲುತ್ತದೆ, ಅದಕ್ಕೆ ನೆರಳಿನ ಮೂಲೆ. ಪುಂಡಿಪಲ್ಲೆ, ರಾಜಗಿರಿ, ಬೆಂಡೆ, ಚವಳಿಕಾಯಿಗೆ ಬಿಸಿಲಿನ ಜಾಗ. ಟೊಮ್ಯಾಟೊ ಗಿಡ ಏಪ್ರಿಲ್‌ನಲ್ಲಿ ಹೂ ಬಿಟ್ಟು ಉದುರಿಸಿದರೆ ಗೊಬ್ಬರದ ಕೊರತೆ ಎಂದು ಗಾಬರಿಯಾಗಬೇಕಿಲ್ಲ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಅದರ ಪರಾಗ ಸೊರಗಿ ಕಾಯಿ ಕಟ್ಟುವುದಿಲ್ಲ.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಹೀರೆ, ಸವತೆಯ ಎಲೆ ನಡುಹಗಲು ಜೋತು ಬೀಳುತ್ತವೆ. ಹೊಸಬರು ಕೊಡ ಎತ್ತಿ ಓಡುತ್ತಾರೆ. ಅನುಭವಿಗಳು ಸಂಜೆವರೆಗೆ ತಾಳಿ ನೋಡುತ್ತಾರೆ. ಹೊತ್ತು ಇಳಿದ ಮೇಲೆ ಎಲೆ ತಾನಾಗಿ ಎದ್ದರೆ ಬೇರಿಗೆ ನೀರಿದೆ ಎಂದರ್ಥ. ಬೆಳಗಿನ ತಂಪಿನಲ್ಲೂ ಬಾಡಿದ್ದರೆ ಮಾತ್ರ ನಿಜವಾದ ದಾಹ. ಎರೆಮಣ್ಣಿನ ಕುಂಡಕ್ಕೆ ಹಗಲಿಗೆ ಎರಡು ಸಲ ಸುರಿದರೆ ಬೇರಿಗೆ ಗಾಳಿಯಾಡದೆ ಗಿಡ ಕೊಳೆಯುತ್ತದೆ. ಅದಕ್ಕೇ ಮಣ್ಣಿಗೆ ಉಸುಕು, ತಿಪ್ಪೆಗೊಬ್ಬರ ಸಮಸಮ ಬೆರೆಸುವುದು, ಕಾದ ಮಾಳಿಗೆಗೆ ತಳ ತಾಗದಂತೆ ಕುಂಡವನ್ನು ಇಟ್ಟಿಗೆ ಮೇಲೆ ಕೂರಿಸುವುದು.

ನಲ್ಲಿ ನೀರು ದಿನಾ ಬಾರದ ಓಣಿಗಳಿಗೆ ಹಳೆಯ ಉಪಾಯವೊಂದಿದೆ. ಹೊಳಪು ಹಾಕದ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಮಡಿಯಲ್ಲಿ ಹೂತು, ನೀರು ತುಂಬಿ ಮುಚ್ಚುವುದು. ಸುತ್ತಲ ಮಣ್ಣು ಒಣಗಿದಷ್ಟೂ ಗಡಿಗೆಯ ಗೋಡೆಯಿಂದ ನೀರು ಜಿನುಗುತ್ತದೆ, ಮಳೆ ಬಂದು ಮಣ್ಣು ನೆನೆದರೆ ಜಿನುಗು ತಾನೇ ತಗ್ಗುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಚೀನಾದ ಕೃಷಿ ಬರಹದಲ್ಲೂ ಈ ಪದ್ಧತಿಯ ವಿವರವಿದೆ. ಯಾವಾಗ ಮಳೆ, ಯಾವಾಗ ಬಿಸಿಲು ಎಂದು ಹೇಳಲಾಗದ ಕಾಲಕ್ಕೆ ಇದಕ್ಕಿಂತ ಜಾಣ ಸಾಧನ ನಾನು ಕಂಡಿಲ್ಲ.

ಹೊದಿಕೆಗೆ ತೊಗರಿ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಇಲ್ಲಿನ ತೊಗರಿಯ ರಾಶಿ ಬೇಸಿಗೆಗೆ ಮುಂಚೆಯೇ ಮುಗಿದಿರುತ್ತದೆ. ಹೊಟ್ಟು ಗಿಡದ ಬುಡಕ್ಕೆ, ಕಟ್ಟಿಗೆ ಹಂದರಕ್ಕೆ. ಹಂದರದ ಮೇಲೆ ಹಸಿರು ಜಾಲರಿಯನ್ನು ಇಳಿಜಾರಾಗಿ ಕಟ್ಟಿದರೆ ಆಣೆಕಲ್ಲು ಜಾರಿ ಬದಿಗೆ ಬೀಳುತ್ತದೆ. ಚಪ್ಪಟೆಯಾಗಿ ಕಟ್ಟಿದ್ದು ಭಾರಕ್ಕೆ ಕುಸಿಯುತ್ತದೆ. ಕಲ್ಲು ಬಿದ್ದ ಮೇಲೂ ಕತ್ತರಿ ಹಿಡಿಯುವ ಆತುರ ಬೇಡ. ಹರಿದ ಎಲೆಯೂ ಕಾಂಡಕ್ಕೆ, ಕಾಯಿಗೆ ನೆರಳು ಕೊಡುತ್ತಿರುತ್ತದೆ. ಹೊಸ ಚಿಗುರು ಕಂಡ ಮೇಲೆ ಮುರಿದ ರೆಂಬೆ ತೆಗೆದರೆ ಸಾಕು.

ಈ ತಾಳ್ಮೆಯ ಪರೀಕ್ಷೆ ನೋಡಬೇಕಾದರೆ ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ ಹೋಗಬೇಕು. ಅಲ್ಲಿನ ಕೆಂಪು ಬಾಳೆಗೂ ಭೌಗೋಳಿಕ ಗುರುತಿದೆ. ಬೇರೆ ತಳಿಗಳು ಸುಮಾರು ಒಂದು ವರ್ಷಕ್ಕೆ ಗೊನೆ ಕೊಟ್ಟರೆ, ಇದು ಒಂದೂವರೆ ವರ್ಷದಷ್ಟು ಕಾಯಿಸುತ್ತದೆ. ಎಂದೇ ನೆಟ್ಟರೂ ಒಂದು ಬೇಸಿಗೆಯನ್ನಾದರೂ ಅದು ದಾಟಲೇಬೇಕು. ಎತ್ತರದ ಗಿಡ, ಭಾರದ ಗೊನೆ, ಸಂಜೆಯ ಬಿರುಗಾಳಿ ಮೂರೂ ಸೇರಿದರೆ ಬುಡಸಮೇತ ಉರುಳುತ್ತದೆ. ಹಿತ್ತಲಲ್ಲಿ ಇದನ್ನು ಬೆಳೆಸುವವರು ಗಾಳಿ ತಡೆಯುವ ಗೋಡೆಯ ಮಗ್ಗುಲಲ್ಲಿ, ಬಚ್ಚಲ ನೀರು ಹರಿಯುವಲ್ಲಿ ನೆಡುತ್ತಾರೆ. ಗೊನೆ ಬಾಗಿದ ಕಡೆಗೆ ಕವೆಗೋಲು ಕೊಡುತ್ತಾರೆ, ಬುಡದ ಮರಿಗಳಲ್ಲಿ ಒಂದನ್ನಷ್ಟೇ ಉಳಿಸುತ್ತಾರೆ.

ಜೂನ್‌ನಲ್ಲಿ ಮೃಗಶಿರಾ ಮಳೆ ಹಿಡಿದ ಮೇಲೂ ಜಾಲರಿಯನ್ನು ಒಮ್ಮೆಗೇ ಕಿತ್ತುಹಾಕುವುದಿಲ್ಲ. ಮೊದಲು ಮೂಡಣದ ಬದಿ ಬಿಚ್ಚಿ ಎಳೆಬಿಸಿಲು ಬಿಡುತ್ತಾರೆ, ಕೆಲವು ದಿನ ಬಿಟ್ಟು ಪಡುವಣದ್ದು. ಅಷ್ಟರಲ್ಲಿ ಕರಗಿದ ತೊಗರಿ ಹೊಟ್ಟನ್ನು ಮಣ್ಣಿಗೆ ಮಗುಚಿ, ಕಟ್ಟಿಟ್ಟಿದ್ದ ಬೀಜದ ಉಳಿದರ್ಧವನ್ನು ಹೊರಗೆ ತೆಗೆಯುತ್ತಾರೆ.